ಮೆಟ್ಟಿಲ ಮೇಲಿನ ಹಠಮಾರಿ

ಆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಧಣಿಗಳ ಕೋಣೆಗೆ ಹೋಗುವ ಮೆಟ್ಟಿಲು ಅರ್ಧದಲ್ಲಿ ತಿರುಗುತ್ತಿತ್ತು. ತಿರುವಿನ ಗೋಡೆಯ ಮೇಲೆ ಒಂದು ಹುಡುಗಿಯ ಪಟ. ಎಣ್ಣೆಬಣ್ಣದ್ದು, ಹುಡುಗಿಯಷ್ಟೇ ಎತ್ತರದ್ದು. ಐದಾರು ವರ್ಷದ ಮಗು ಹಸಿರು ಗೋಡೆಗೆ ಬೆನ್ನು ಕೊಟ್ಟು ನಿಂತಿದೆ. ಕೆಳತುಟಿ ಹಲ್ಲಿನಡಿ ಸಿಕ್ಕಿದೆ. ಎರಡು ಮುಷ್ಟಿಯಲ್ಲೂ ಲಂಗದ ಬಟ್ಟೆ. ಮಂಡಿಗೆ ಮಂಡಿ ಅಂಟಿದೆ, ಒಂದು ಕಾಲಿನ ಹೆಬ್ಬೆರಳು ಇನ್ನೊಂದು ಕಾಲಿನ ಮೇಲೆ ಹತ್ತಿದೆ. ಕಣ್ಣು ಮಾತ್ರ ನೋಡುವವರ ಮೇಲೇ ನೆಟ್ಟು, ಏನು ಮಾಡ್ಕೋತೀಯೋ ಮಾಡ್ಕೋ ಹೋಗು ಅನ್ನುವ ಹಾಗೆ. ಚೌಕಟ್ಟಿನ ಕೆಳಗೆ ಹಿತ್ತಾಳೆ ತಗಡಿನಲ್ಲಿ ಒಂದೇ ಮಾತು ಕೆತ್ತಿತ್ತು: ಹಠ.

ರೈಲು ಆಗತಾನೇ ಬಂದು, ಕುದುರೆ ಗಾಡಿ ಇನ್ನೂ ಹೋಗಿರದ ಕಾಲ ಅದು. ಪಟದ ಹುಡುಗಿ ಬೆಳೆದು, ತಲೆಯಲ್ಲಿ ನರೆ ಕಾಣಿಸಿಕೊಂಡು, ಅದೇ ಕಾರ್ಖಾನೆಯ ಕೆಳಗಿನ ಹಜಾರದಲ್ಲಿ ಇಸ್ತ್ರಿ ತಿಕ್ಕುತ್ತಿದ್ದಳು. ಅವಳ ಹೆಸರು ಯಾರ ನಾಲಿಗೆಯ ಮೇಲೂ ನಿಂತಿರಲಿಲ್ಲ. ಎಲ್ಲರಿಗೂ ಅವಳು ಪಟದಕ್ಕ.

ಪಟವನ್ನು ಬರೆಸಿದವರು ಯಾರೂ ಇಲ್ಲ. ಪಟದಕ್ಕನ ತಾಯಿ ಒಬ್ಬ ಚಿತ್ರಗಾರನ ಬಾಡಿಗೆ ಕೋಣೆಯ ನೆಲ ಒರೆಸುತ್ತಿದ್ದಳು. ಮಗಳನ್ನು ಬಿಟ್ಟುಬರಲು ಜಾಗವಿಲ್ಲದೆ ಒಂದು ದಿನ ಜೊತೆಗೆ ಕರೆದುಕೊಂಡು ಹೋದಳು. ಚಿತ್ರಗಾರನಿಗೆ ಮಗುವಿನ ಮುಖ ಹಿಡಿಸಿತು. ಒಂದು ಲೋಟ ಸಕ್ಕರೆ ನೀರು ಕುಡಿಸಿ ಗೋಡೆಗೆ ನಿಲ್ಲಿಸಿದ. ದೊಡ್ಡ ಧಣಿ, ಅಂದರೆ ಕಾರ್ಖಾನೆ ಕಟ್ಟಿದವರು, ಆಮೇಲೆ ಆ ಪಟವನ್ನು ಕೊಂಡು ತಂದು ಮೆಟ್ಟಿಲಿಗೆ ತೂಗುಹಾಕಿದರು. ಹೊಸ ಹೆಂಗಸರು ಕೆಲಸಕ್ಕೆ ಸೇರಿದಾಗಲೆಲ್ಲ ಅದರ ಮುಂದೆ ನಿಲ್ಲಿಸಿ, "ನೋಡ್ರಮ್ಮ, ಮೇಜಿನ ಮುಂದೆ ಹೀಗೆ ನಿಲ್ಲಬೇಕು. ಜಗ್ಗಬಾರದು" ಅನ್ನುತ್ತಿದ್ದರು. ಹುಡುಗಿ ದೊಡ್ಡವಳಾದಾಗ ಕರೆದು ಕೆಲಸ ಕೊಟ್ಟವರೂ ಅವರೇ. "ಇಂಥ ಛಲದ ಕೂಸು ಬೇರೆಯವರ ಪಾಲಾಗಬಾರದು" ಅಂದಿದ್ದರಂತೆ.

ಈಗ ನಿಜ ಹೇಳಿಬಿಡಬೇಕು. ಆ ಮಗುವಿಗೆ ಛಲವೂ ಇರಲಿಲ್ಲ, ಹಠವೂ ಇರಲಿಲ್ಲ. ಅದಕ್ಕೆ ಒಂದಕ್ಕೆ ಬಂದಿತ್ತು.

ಕೋಣೆಯೊಳಗೆ ಹೋಗುವ ಮುಂಚೆ ತಾಯಿ ಕಿವಿ ಹಿಂಡಿ ಹೇಳಿದ್ದಳು: "ಅವರು ಅಲ್ಲಾಡಬೇಡ ಅಂದ್ರೆ ಅಲ್ಲಾಡಬಾರದು. ಮಾತಾಡಬೇಡ ಅಂದ್ರೆ ಮಾತಾಡಬಾರದು. ನೀನು ಬಾಯಿ ಬಿಟ್ಟೆಯೋ, ನನ್ನ ಕೆಲಸ ಹೋಯ್ತು." ಮಗು ಬಾಯಿ ಬಿಡಲಿಲ್ಲ. ಸಕ್ಕರೆ ನೀರು ತನ್ನ ದಾರಿ ಹುಡುಕತೊಡಗಿದಾಗ ಮಂಡಿ ಜೋಡಿಸಿತು. ಆಮೇಲೆ ಲಂಗ ಹಿಡಿಯಿತು. ಆಮೇಲೆ ತುಟಿ ಕಚ್ಚಿತು. ಚಿತ್ರಗಾರ ಕುಣಿಯುವುದೊಂದು ಬಾಕಿ. "ಇದೇ ನೋಟ ಬೇಕಿತ್ತು ನನಗೆ. ಹಾಗೇ ಇರು, ಹಾಗೇ ಇರು" ಅಂದ. ಹಾಗೇ ಇದ್ದಿತು, ಇರಲಾಗುವ ತನಕ. ನೆಲ ಒದ್ದೆಯಾದಾಗ ಅವನು ತನ್ನ ಕುಂಚ ತೊಳೆಯುವ ಎಣ್ಣೆ ಚೆಲ್ಲಿತೆಂದು ತಿಳಿದು ಬೇರೆ ಕಡೆ ತಿರುಗಿದ. ತಾಯಿ ಮಾತಿಲ್ಲದೆ ಒರೆಸಿದಳು. ದಾರಿಯಲ್ಲಿ ಮಗಳ ಮುಖ ನೋಡದೆ, "ಇದು ನಿನ್ನ ಹೊಟ್ಟೇಲೇ ಇರಲಿ. ಹೊರಗೆ ಬಂದ್ರೆ ಇಬ್ಬರಿಗೂ ಮರ್ಯಾದೆ ಇಲ್ಲ" ಅಂದಳು.

ಅಂದಿನಿಂದ ಅದು ಹೊಟ್ಟೆಯಲ್ಲೇ ಇತ್ತು. ಹೊರಗೆ ಮಾತ್ರ ಪಟ ಅವಳ ಮುಂದೆ ಮುಂದೆ ನಡೆಯಿತು. ನೀರಿನ ನಲ್ಲಿಯ ಹತ್ತಿರ ಜಗಳವಾದರೆ ಇವಳನ್ನು ಕಂಡು ಜನ ಜಾಗ ಬಿಡುತ್ತಿದ್ದರು. ಇವಳೋ ಎದುರಿನವರ ದನಿ ಒಂದು ಮೆಟ್ಟಿಲು ಏರಿದರೆ ಸಾಕು, ಖಾಲಿ ಕೊಡ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದಳು. ಅಳತೆಯಲ್ಲಿ ಅಂಗಡಿಯವನು ಮೋಸ ಮಾಡಿದರೂ, "ಇರಲಿ ಬಿಡಿ" ಅನ್ನುವವಳು. ಇಲ್ಲ ಅನ್ನುವ ಮಾತು ಅವಳ ಗಂಟಲಿನಲ್ಲಿ ಹುಟ್ಟಿಯೇ ಇರಲಿಲ್ಲ.

ಗಂಡ ಗಾಡಿಯವನು. ಕಾರ್ಖಾನೆಯ ಮೂಟೆ ಹೊತ್ತು ಮೆಟ್ಟಿಲು ಹತ್ತಿ ಇಳಿದು, ಪಟ ನೋಡಿ ನೋಡಿಯೇ ಮದುವೆಗೆ ಮನಸ್ಸು ಮಾಡಿದವನು. ಮನೆ ಆಳುವ ಹೆಂಡತಿ ಸಿಕ್ಕಳು ಅಂದುಕೊಂಡಿದ್ದ. ಸಿಕ್ಕವಳು ಕೋಳಿಯನ್ನು ಕೂಡ ಗದರಿಸದವಳು. ಅವನಿಗೆ ಮಾತ್ರ ಒಮ್ಮೆ ಅವಳು ಗುಟ್ಟು ಬಿಚ್ಚಿ ಹೇಳಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಗೋಡೆ ಮೇಲೆ ಹುಲಿ, ನೆಲದ ಮೇಲೆ ಇಲಿ. ಪಟಾನೇ ಮನೆಗೆ ತಂದು ನಿನ್ನ ಅಲ್ಲಿ ತೂಗುಹಾಕಿದ್ರೆ ಚೆನ್ನಾಗಿತ್ತು ಕಣೇ" ಅಂದ. ಆದರೆ ಮನುಷ್ಯ ಒಳ್ಳೆಯವನು. ಗಾಡಿಕಟ್ಟೆಯಲ್ಲಿ ಯಾರಾದರೂ, "ಏನಪ್ಪ, ಮನೇಲಿ ಹಠಮಾರಿ ಹೇಗಿದ್ದಾಳೆ?" ಅಂದರೆ, "ಏನು ಹೇಳ್ಲಿ, ನನ್ನ ಪಾಡು ನಾಯಿಗೂ ಬೇಡ" ಅಂತ ನಿಟ್ಟುಸಿರು ಬಿಟ್ಟು ಹೆಂಡತಿಯ ಮಾನ ಉಳಿಸುತ್ತಿದ್ದ.

ದೊಡ್ಡ ಧಣಿ ತೀರಿಕೊಂಡ ಮೇಲೆ ಮಗ ಬಂದರು. ಚಿಕ್ಕ ಧಣಿ ಕೆಟ್ಟವರಲ್ಲ. ಯಾರ ಮೇಲೂ ಕೂಗಿದವರಲ್ಲ. ಆದರೆ ಅವರ ಕೋಣೆಯ ಕಿಟಕಿ ಹಿಂದಿನ ಅಂಗಳಕ್ಕೆ ತೆರೆಯುತ್ತಿತ್ತು, ಅಂಗಳದ ಕೊನೆಗೆ ಹೆಂಗಸರ ಕಕ್ಕಸು. ಅಲ್ಲಿಗೆ ಹೋದವರು ಬರುವಾಗ ಗೋಡೆಯ ನೆರಳಲ್ಲಿ ಒಂದು ಗಳಿಗೆ ನಿಂತು ಬೆವರು ಆರಿಸಿಕೊಳ್ಳುತ್ತಿದ್ದರು, ಎರಡು ಮಾತಾಡುತ್ತಿದ್ದರು. ಚಿಕ್ಕ ಧಣಿ ಕಿಟಕಿಯಿಂದ ಅದನ್ನೇ ನೋಡಿ ನೋಡಿ, ಗಂಟೆಯಿಂದ ಗಂಟೆಗೆ ಅಂಗಳದ ಬಾಗಿಲಿಗೆ ಬೀಗ ಅಂತ ಅಪ್ಪಣೆ ಮಾಡಿದರು. ಬೀಗದ ಕೈ ಹಜಾರ ನೋಡಿಕೊಳ್ಳುವ ಮೇಸ್ತ್ರಮ್ಮನ ಸೊಂಟಕ್ಕೆ ಬಂತು. ಬೆಳಗಿನ ಗಂಟೆ ಹೊಡೆದರೆ ಮಧ್ಯಾಹ್ನದ ಗಂಟೆ ತನಕ ಯಾರೂ ಹೊರಗೆ ಹೋಗುವಂತಿಲ್ಲ.

ಇಸ್ತ್ರಿ ಹಜಾರ ಅಂದರೆ ಏನೆಂದು ನಿಂತವರಿಗೇ ಗೊತ್ತು. ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ, ಒದ್ದೆ ಬಟ್ಟೆಯಿಂದ ಹಬೆ, ಮೂಲೆಯಲ್ಲಿ ಗಂಜಿ ಕುದಿಯುವ ಹಂಡೆ. ಅಲ್ಲಿ ನೀರು ಕುಡಿಯದೆ ಕೆಲಸ ಸಾಗದು. ಹೆಂಗಸರು ನೀರು ಬಿಟ್ಟರು. ಒಬ್ಬಳಿಗೆ ತಲೆ ಸುತ್ತಿತು, ಇನ್ನೊಬ್ಬಳಿಗೆ ಉರಿಮೂತ್ರ ಹತ್ತಿತು. ಎಲ್ಲರಿಗಿಂತ ಹೆಚ್ಚು ಕಷ್ಟ ಮೂಲೆ ಮೇಜಿನ ಹುಡುಗಿಗೆ. ಚೊಚ್ಚಲ ಬಸುರಿ, ದಿನ ತುಂಬುತ್ತ ಬಂದಿತ್ತು. ಬಸುರಿಯ ಒಡಲಿಗೆ ಗಂಟೆ ಯಾವುದು, ಬೀಗ ಯಾವುದು.

ಗಂಜಿ ಹಂಡೆಯ ಮುಂದೆ ನಿಲ್ಲುವ ಗಂಜಿಯಮ್ಮ ಬಾಯಿಗೆ ಹೆಸರಾದವಳು. ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಮಾತು ತೆಗೆದಳು. "ಯಾರಾದ್ರೂ ಮೇಲೆ ಹೋಗಿ ಹೇಳಬೇಕು. ನಾನು ಹೋದ್ರೆ ಜಗಳ ಆಗುತ್ತೆ, ನನ್ನ ನಾಲಿಗೆ ನನಗೇ ಗೊತ್ತು. ನಮ್ಮಲ್ಲಿ ಗೋಡೆ ಮೇಲೆ ಇರೋಳು ಒಬ್ಬಳೇ. ಪಟದಕ್ಕ, ನೀನೇ ಹೋಗಿ ಬಾ. ನೀನು ಸುಮ್ನೆ ನಿಂತ್ರೂ ಸಾಕು, ಅವರಪ್ಪ ನೆನಪಾಗ್ತಾರೆ."

ಪಟದಕ್ಕ ಎತ್ತಿದ ತುತ್ತನ್ನು ತಿರುಗಿ ಬುತ್ತಿಗೆ ಹಾಕಿದಳು. ಇಲ್ಲ ಅನ್ನಬೇಕಿತ್ತು. ಇಲ್ಲ ಅನ್ನಲು ಬಾರದವಳು, ಧಣಿಗೆ ಇಲ್ಲ ಅಂದು ಬರಲು ಹೊರಟಳು ನೋಡಿ.

ಮೆಟ್ಟಿಲ ತಿರುವಿನಲ್ಲಿ ಪಟದ ಕಡೆ ಕಣ್ಣೆತ್ತದೆ ದಾಟಿದಳು. ಚಿಕ್ಕ ಧಣಿ ಏನೋ ಬರೆಯುತ್ತಿದ್ದವರು ಲೇಖನಿ ಕೆಳಗಿಟ್ಟು, "ಏನಮ್ಮ, ಬನ್ನಿ" ಅಂದರು. ಆ 'ಬನ್ನಿ'ಯೇ ಅವಳ ಧೈರ್ಯ ಕಿತ್ತಿತು. ಒಬ್ಬ ಗಂಡಸಿನ ಮುಂದೆ, ಅದೂ ಧಣಿಯ ಮುಂದೆ, ಕಕ್ಕಸಿನ ಮಾತು ಎಲ್ಲಿಂದ ಎತ್ತುವುದು. ಅವಳ ಕಣ್ಣು ದಿಕ್ಕು ಕಾಣದೆ ಕಿಟಕಿಯ ಪರದೆಯ ಮೇಲೆ ಹೋಗಿ ನಿಂತಿತು.

"ಪರದೆ ಕೊಳೆ ಆಗಿದೆ," ಅಂದಳು.

"ಏನು?"

"ಪರದೆ. ಒಗೆಯೋಕೆ ಕೊಟ್ರೆ ಒಗೆದು ಇಸ್ತ್ರಿ ಮಾಡಿ ತರ್ತೀನಿ ಅಂತ ಕೇಳೋಕೆ ಬಂದೆ."

ಚಿಕ್ಕ ಧಣಿಯ ಮುಖ ಅರಳಿತು. "ನೋಡಿ, ನಮ್ಮಪ್ಪ ಸುಮ್ನೆ ಹೇಳ್ತಿರಲಿಲ್ಲ. ಯಾರಿಗೂ ಇಲ್ಲದ ಕಾಳಜಿ ನಿಮಗಿದೆ" ಅಂದು ತಾವೇ ಕುರ್ಚಿ ಹತ್ತಿ ಪರದೆ ಬಿಚ್ಚಿ ಕೊಟ್ಟರು.

ತೋಳ ತುಂಬ ಪರದೆ ಹೊತ್ತು ಅವಳು ಕೆಳಗೆ ಬಂದಾಗ ಹಜಾರದಲ್ಲಿ ಇಸ್ತ್ರಿಗಳೆಲ್ಲ ನಿಂತವು.

"ಏನಂದ್ರು?" ಅಂತ ಗಂಜಿಯಮ್ಮ.

ಆಗಲಾದರೂ ಹೇಳಬಹುದಿತ್ತು. ಕೇಳೋಕಾಗಲಿಲ್ಲ ಕಣ್ರೇ, ಬೇರೆ ಯಾರಾದ್ರೂ ಹೋಗಿ ಅಂದಿದ್ದರೆ ಮುಗಿಯುತ್ತಿತ್ತು. ಎಲ್ಲರ ಕಣ್ಣಲ್ಲೂ ಪಟ ಕಾಣಿಸಿತು. "ಯೋಚನೆ ಮಾಡ್ತೀನಿ ಅಂದ್ರು" ಅಂದಳು.

"ಪರದೆ ಯಾಕೆ?"

"ಕೊಟ್ರು. ಒಗೆಯೋಕೆ."

ಗಂಜಿಯಮ್ಮ ಸೌಟು ಹಿಡಿದು ಯೋಚಿಸಿದಳು. "ಮೆತ್ತಗಾಗಿದ್ದಾರೆ," ಅಂತ ತೀರ್ಪು ಕೊಟ್ಟಳು. "ಕಿಟಕಿ ಪರದೇನೇ ತೆಗೆದುಕೊಟ್ಟಿದ್ದಾರೆ ಅಂದ್ರೆ, ಇಲ್ಲ ಅನ್ನೋಕೆ ಮುಖ ಇಲ್ಲದೆ ಕೊಟ್ಟಿದ್ದಾರೆ. ಎರಡು ದಿನ ತಡೀರಿ, ಬಾಗಿಲು ತೆರೆಯುತ್ತೆ."

ಪಟದಕ್ಕ ಆ ಪರದೆಗಳನ್ನು ಒಗೆದು ಗಂಜಿ ಹಾಕಿ ತಿಕ್ಕಿದಷ್ಟು ಚೆನ್ನಾಗಿ ಜೀವಮಾನದಲ್ಲಿ ಇನ್ನೊಂದು ಬಟ್ಟೆ ತಿಕ್ಕಿರಲಿಕ್ಕಿಲ್ಲ. ತಲೆ ಎತ್ತಬೇಕಾಗಿರಲಿಲ್ಲವಲ್ಲ, ಅದಕ್ಕೆ.

ಬಾಗಿಲು ತೆರೆಯಲಿಲ್ಲ. ಮೂಲೆ ಮೇಜಿನ ಹುಡುಗಿ ದಿನಾ ಬೆಳಗ್ಗೆ ಬಂದು ಮೆಲ್ಲಗೆ, "ಅಕ್ಕಾ, ಇವತ್ತೇನಾದ್ರೂ?" ಅನ್ನುವಳು. "ಯೋಚನೆ ಮಾಡ್ತಿದ್ದಾರಂತೆ" ಅಂತ ಇವಳು. ಮೊದಲ ಸುಳ್ಳು ಹೇಳುವಾಗ ಬಾಯಿ ಒಣಗಿತ್ತು. ಆಮೇಲಾಮೇಲೆ ಕೇಳುವ ಮುಂಚೆಯೇ ಬರತೊಡಗಿತು. ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನೀವಿದ್ದೀರಲ್ಲ ಬಿಡಿ" ಅಂದು ತನ್ನ ಮೇಜಿಗೆ ಹೋಗುವಳು.

ಮನೆಯಲ್ಲಿ ಗಂಡನಿಗೆ ಅನುಮಾನ ಬಂತು. "ಏನೇ, ಅನ್ನ ಇಳೀತಿಲ್ಲ. ಮೇಲೆ ಹೋಗಿ ಕೇಳಿದೆಯಂತೆ, ಗಾಡಿಕಟ್ಟೇಲೆಲ್ಲ ಅದೇ ಮಾತು."

"ಹೂಂ."

"ನಿಜವಾಗ್ಲೂ ಕೇಳಿದೆಯಾ?"

ಅವಳು ತಟ್ಟೆ ನೋಡಿದಳು. ಗಾಡಿಯವನಿಗೆ ಆವತ್ತು ತಮಾಷೆ ಬರಲಿಲ್ಲ. "ನಾಳೆ ಹೇಳಿಬಿಡೇ," ಅಂದ. "ಬೇರೆಯವರ ದಾರಿ ಕಟ್ಟಿ ನಿಂತುಕೋಬೇಡ."

ನಾಳೆ ಹೇಳುತ್ತೇನೆ ಅಂದುಕೊಂಡೇ ಮಲಗಿದಳು. ನಾಳೆ ಬಂದಾಗ, ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳೋಣ ಅಂದುಕೊಂಡಳು. ಹೇಳಲಾಗದ ಮಾತಿಗೆ ಮುಂದೂಡುವ ಹೊತ್ತು ಯಾವಾಗಲೂ ಸಿಗುತ್ತದೆ.

ಅವತ್ತು ಯಾವುದೋ ಹೋಟೆಲಿನ ದೊಡ್ಡ ದೊಡ್ಡ ಹಾಸುಬಟ್ಟೆಗಳು ಬಂದಿದ್ದವು. ಬೆಳಗು ಕಳೆದು ಮಧ್ಯಾಹ್ನ ಹತ್ತಿರವಾಗುವ ಹೊತ್ತು. ಮೂಲೆ ಮೇಜಿನ ಹುಡುಗಿ ಮೇಸ್ತ್ರಮ್ಮನ ಹತ್ತಿರ ಹೋಗಿ ಏನೋ ಕೇಳಿದಳು. ಮೇಸ್ತ್ರಮ್ಮ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡಳು, ಮೆಟ್ಟಿಲ ಕಡೆ ನೋಡಿದಳು. "ಇನ್ನೇನು ಗಂಟೆ ಹೊಡೀತಾರೆ ಕಣಮ್ಮ. ಸ್ವಲ್ಪ ತಡ್ಕೋ. ನನ್ನ ಹೊಟ್ಟೆ ಮೇಲೆ ಹೊಡೀಬೇಡ" ಅಂದಳು.

ಹುಡುಗಿ ಮೇಜಿಗೆ ವಾಪಸು ಬಂದು ಇಸ್ತ್ರಿ ಎತ್ತಿಕೊಂಡಳು. ಮತ್ತೆ ಇಟ್ಟಳು. ಎರಡು ಕೈಯಲ್ಲೂ ಸೀರೆಯ ನೆರಿಗೆ ಹಿಡಿದಳು. ಮಂಡಿ ಜೋಡಿಸಿದಳು. ತುಟಿ ಕಚ್ಚಿದಳು. ಎದುರಿನ ಗೋಡೆಗೆ ಕಣ್ಣು ನೆಟ್ಟು ನಿಂತಳು.

ಪಕ್ಕದವಳು ನಗುತ್ತ, "ನೋಡ್ರೇ, ಇನ್ನೊಂದು ಪಟ" ಅಂದಳು. ಒಂದಿಬ್ಬರು ತಿರುಗಿ ನೋಡಿ ನಕ್ಕರು.

ಪಟದಕ್ಕನಿಗೆ ನಗು ಬರಲಿಲ್ಲ. ಆ ನಿಲುವು ಏನೆಂದು ಇಡೀ ಹಜಾರದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಮೇಸ್ತ್ರಮ್ಮನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡು ಓಡಬೇಕು ಅನ್ನಿಸಿತು. ಓಡಲಿಲ್ಲ. ತನ್ನ ಮುಂದಿನ ಬಟ್ಟೆಯ ಮಡಿಕೆಯನ್ನು ಬೆರಳಲ್ಲಿ ಒತ್ತುತ್ತ ಒತ್ತುತ್ತ ನಿಂತಳು.

ಮೊದಲು ಸುಟ್ಟ ವಾಸನೆ ಬಂತು. ಹುಡುಗಿ ಇಸ್ತ್ರಿಯನ್ನು ಹಾಸುಬಟ್ಟೆಯ ಮೇಲೇ ಇಟ್ಟುಬಿಟ್ಟಿದ್ದಳು. ಆಮೇಲೆ ನೆಲದ ಕಲ್ಲಿನ ಮೇಲೆ ನೀರು ಬಿದ್ದ ಸದ್ದು. ನಗುತ್ತಿದ್ದವರು ತಮ್ಮ ತಮ್ಮ ಮೇಜಿಗೆ ತಿರುಗಿಕೊಂಡರು.

ಹುಡುಗಿ ಅಳಲಿಲ್ಲ. ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ, ಆ ಹೊಟ್ಟೆ ಹೊತ್ತುಕೊಂಡು ಬಗ್ಗಿ ನೆಲ ಒರೆಸತೊಡಗಿದಳು. ಗಂಜಿಯಮ್ಮ ಓಡಿ ಬಂದು, "ಬಿಡೇ ತಾಯಿ, ನಾನು ಒರೆಸ್ತೀನಿ" ಅಂದರೆ ಬಿಡಲಿಲ್ಲ. ಒರೆಸಿ ಮುಗಿಸಿ, ಮುಂಬಾಗಿಲಿನಿಂದ, ಒದ್ದೆ ಸೀರೆಯಲ್ಲೇ, ಹಾಡುಹಗಲಿನ ಬೀದಿಗೆ ನಡೆದುಹೋದಳು. ಅವಳ ಹಿಂದೆ ಮಧ್ಯಾಹ್ನದ ಗಂಟೆ ಹೊಡೆಯಿತು.

ಪಟದಕ್ಕ ಮೆಟ್ಟಿಲ ಕಡೆ ಹೋದಳು. ಯಾರೂ ಕಳಿಸಲಿಲ್ಲ. ತಿರುವಿನಲ್ಲಿ ಚಿಕ್ಕ ಧಣಿ ಹೋಟೆಲಿನ ಯಜಮಾನರಿಗೆ ಪಟ ತೋರಿಸುತ್ತ ನಿಂತಿದ್ದರು. ಇವಳು ಹತ್ತಿ ಬರುವುದನ್ನು ನೋಡಿ ಅವರಿಗೆ ಖುಷಿಯಾಯಿತು.

"ಒಳ್ಳೆ ಹೊತ್ತಿಗೆ ಬಂದ್ರಿ. ನೋಡಿ ಸಾರ್, ಇವರೇ. ಈ ನೋಟ ನೋಡಿ, ಎಂಥ ಗಟ್ಟಿ ಮಗು. ಈಗಲೂ ನಮ್ಮಲ್ಲೇ ಇದ್ದಾರೆ."

ಪಟದಕ್ಕ ಮೆಟ್ಟಿಲ ಅಂಚು ನೋಡುತ್ತ ಮಾತಾಡಿದಳು. ದನಿ ಎತ್ತರಿಸಲಿಲ್ಲ, ಎತ್ತರಿಸಲು ಬರುತ್ತಲೂ ಇರಲಿಲ್ಲ. "ಅದು ಗಟ್ಟಿ ಅಲ್ಲ ಧಣಿ. ನನಗೆ ಒಂದಕ್ಕೆ ಬಂದಿತ್ತು. ಹೇಳೋಕೆ ಹೆದರಿಕೆ. ಯಾರೂ ಕೇಳಲಿಲ್ಲ. ನಿಂತುಕೊಂಡೇ ಮಾಡಿಕೊಂಡೆ. ನಮ್ಮಮ್ಮ ಒರೆಸಿದಳು."

ಪಟ ತೋರಿಸುತ್ತಿದ್ದ ಕೈಯನ್ನು ಚಿಕ್ಕ ಧಣಿ ಕೆಳಗಿಳಿಸಿದರು.

"ಈಗ ಕೆಳಗೆ ಮೂಲೆ ಮೇಜಿನ ಹುಡುಗಿಗೂ ಹಾಗೇ ಆಯ್ತು. ತುಂಬು ಬಸುರಿ. ಬಾಗಿಲಿಗೆ ಬೀಗ ಇತ್ತು. ಎಲ್ಲರ ಮುಂದೆ ಆಯ್ತು. ಅವಳೇ ಒರೆಸಿಕೊಂಡು ಹೋದಳು. ಬೀಗ ತೆಗೆಸಿ ಧಣಿ. ಇದನ್ನ ಆವತ್ತೇ ಕೇಳಬೇಕಿತ್ತು. ಪರದೆ ಕೇಳಿ ಹೋದೆ."

ಹೋಟೆಲಿನ ಯಜಮಾನರು ಪಟದ ಹತ್ತಿರ ಬಗ್ಗಿದರು. ಮಂಡಿ ನೋಡಿದರು, ಹೆಬ್ಬೆರಳು ನೋಡಿದರು. "ಹೌದಲ್ಲ," ಅಂತ ತಮ್ಮಷ್ಟಕ್ಕೆ ಅಂದರು. "ನಮ್ಮ ಮೊಮ್ಮಗಳೂ ಹೀಗೇ ನಿಲ್ತಾಳೆ." ಚಿಕ್ಕ ಧಣಿಯ ಕಿವಿ ಕೆಂಪೇರಿತು. ಇವಳ ಕಡೆಯೂ ನೋಡಲಾಗದೆ, ಪಟದ ಕಡೆಯೂ ನೋಡಲಾಗದೆ, "ಹೋಗಮ್ಮ, ನೋಡ್ತೀನಿ, ಹೋಗು" ಅಂದರು.

ಆ ಮಧ್ಯಾಹ್ನವೇ ಬೀಗ ಹೋಯಿತು. ವಾರ ಕಳೆಯುವುದರೊಳಗೆ ಪಟವೂ ಹೋಯಿತು. ಗೋಡೆಯ ಮೇಲೆ ಬಣ್ಣ ಮಾಸದ ಒಂದು ಚೌಕ ಉಳಿಯಿತು. ಅಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿಸಿಕೊಂಡಿದ್ದ ಮೇಸ್ತ್ರಮ್ಮನ ಬಾಯಿಂದ ಕಥೆ ಸೋರಿತ್ತು, ಅದೂ ಅರ್ಧವೇ. ಪಟದಕ್ಕ ಹೊರಗಿನವರೆದುರೇ ಧಣಿಯನ್ನು ನಿಲ್ಲಿಸಿ ಕೇಳಿದಳು, ಪಟದ ಮಾನ ಹೋದರೂ ಪರವಾಗಿಲ್ಲ ಅಂದಳು ಅಂತ. ಹೆಂಗಸರು ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡತೊಡಗಿದರು. ಗಂಜಿಯಮ್ಮ ತನ್ನ ಬುತ್ತಿಯಿಂದ ತೆಗೆದು ಇವಳ ತಟ್ಟೆಗೆ ಹಾಕಿ, "ಎರಡು ಸಲ ಹತ್ತಿದಳು ನೋಡ್ರೇ, ಎರಡು ಸಲ" ಅಂದಳು. ಆ ತುತ್ತು ಬೆಂಕಿಯ ಹಾಗೆ ಇಳಿಯಿತು.

ಭಾನುವಾರ ಪಟದಕ್ಕ ಹುಡುಗಿಯ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆಯ ಮನೆ. ಹುಡುಗಿ ಕಿಟಕಿಯ ಹತ್ತಿರ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. "ಬನ್ನಿ ಅಕ್ಕಾ" ಅಂದಳು. ಎದ್ದೇಳಲು ಹೋದಳು, ಇವಳು ಬೇಡ ಅಂದಳು.

"ಬೀಗ ತೆಗೆದಿದ್ದಾರೆ. ಬರಬಹುದು ನೀನು."

"ಕೇಳಿದೆ. ಆ ಹಜಾರಕ್ಕೆ ಇನ್ನು ಕಾಲಿಡೋಕಾಗಲ್ಲ ಅಕ್ಕಾ. ಗುಂಡಿ ಕೆಲಸ ಸಿಕ್ಕಿದೆ, ಮನೇಲೇ ಮಾಡಬಹುದು. ನಿಮ್ಮಿಂದ ಬೇರೆಯವರಿಗಾದ್ರೂ ಒಳ್ಳೇದಾಯ್ತು."

"ನನ್ನಿಂದ ಅನ್ಬೇಡ," ಅಂದಳು ಪಟದಕ್ಕ. "ಮೊದಲ ಸಲ ಹೋದಾಗ ನಾನು ಕೇಳಲೇ ಇಲ್ಲ. ಬಾಯಿ ಬರಲಿಲ್ಲ. ಪರದೆ ಒಗೀತೀನಿ ಅಂತ ಕೇಳಿ ಇಸ್ಕೊಂಡು ಬಂದೆ. ಯೋಚನೆ ಮಾಡ್ತಿದ್ದಾರೆ ಅಂದದ್ದೆಲ್ಲ ನಾನೇ ಕಟ್ಟಿದ್ದು."

ಹುಡುಗಿಯ ಸೂಜಿ ನಿಂತಿತು.

"ನಾನು ದಿನಾ ಕೇಳ್ತಿದ್ದೆ," ಅಂದಳು ಹುಡುಗಿ.

"ಹೂಂ."

"ಗಂಜಿಯಮ್ಮ ಒಂದು ದಿನ ನಾನೇ ಹೋಗ್ತೀನಿ ಅಂತ ಸೌಟು ಕೆಳಗಿಟ್ರು. ನಾನೇ ಕೈ ಹಿಡಿದು ಬೇಡ ಅಂದೆ. ಅಕ್ಕ ಕೇಳಿದ್ದಾರೆ, ಮಧ್ಯೆ ಹೋಗಿ ಕೆಡಿಸಬೇಡಿ ಅಂದೆ."

ಅದು ಪಟದಕ್ಕನಿಗೆ ಗೊತ್ತಿರಲಿಲ್ಲ. ಹುಡುಗಿ ಸಿಟ್ಟು ಮಾಡಿದ್ದರೆ, ಬೈದಿದ್ದರೆ, ಹಗುರಾಗುತ್ತಿತ್ತೇನೋ. ಹುಡುಗಿ ಬೈಯಲಿಲ್ಲ. ದಾರ ಹಲ್ಲಿನಲ್ಲಿ ಕಡಿದು ಇನ್ನೊಂದು ಗುಂಡಿ ಎತ್ತಿಕೊಂಡಳು. "ಬೆಳಕು ಹೋಗುವಷ್ಟರಲ್ಲಿ ಇದನ್ನ ಮುಗಿಸಬೇಕು ಅಕ್ಕಾ" ಅಂದಳು. ಎದ್ದು ಹೋಗಿ ಅನ್ನುವುದನ್ನು ಇದಕ್ಕಿಂತ ಮೆತ್ತಗೆ ಯಾರೂ ಹೇಳಲಾರರು.

ಮರುದಿನ ಊಟದ ಹೊತ್ತಿನಲ್ಲಿ ಪಟದಕ್ಕ ತನ್ನ ಬುತ್ತಿ ಬಿಚ್ಚಲಿಲ್ಲ. ಕೂತಲ್ಲಿಂದಲೇ, ಯಾರ ಮುಖವನ್ನೂ ನೋಡದೆ, ಮೊದಲಿಂದ ಹೇಳಿದಳು. ಸಕ್ಕರೆ ನೀರು ಹೇಳಿದಳು, ತಾಯಿ ನೆಲ ಒರೆಸಿದ್ದು ಹೇಳಿದಳು. ಅಲ್ಲಿ ಒಂದಿಬ್ಬರಿಗೆ ನಗು ಬಂತು, ನಗು ಬರುವ ಮಾತೇ ಅದು. ಪರದೆಯ ಮಾತು ಬಂದಾಗ ನಗು ನಿಂತಿತು. ಹುಡುಗಿ ಗಂಜಿಯಮ್ಮನ ಕೈ ಹಿಡಿದದ್ದನ್ನೂ ಬಿಡದೆ ಹೇಳಿದಳು.

ಗಂಜಿಯಮ್ಮ, "ಈಗ ಯಾಕೆ ಹೇಳಿದೆ?" ಅಂದಳು. "ಬಾಗಿಲು ತೆರೆದಿದೆ. ನಾವು ನಿನ್ನ ತಲೆ ಮೇಲೆ ಹೊತ್ತು ಮೆರೆಸ್ತಿದ್ವಿ. ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಮೆರೆಸ್ತಿದ್ರಲ್ಲ, ಅದಕ್ಕೇ" ಅಂದಳು ಪಟದಕ್ಕ.

ಗಂಜಿಯಮ್ಮ ತನ್ನ ಬುತ್ತಿಯ ಮುಚ್ಚಳ ಹಾಕಿದಳು. ಎದ್ದು ಅಂಗಳದ ಕಡೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಬಾಗಿಲು ಹಾರು ಹೊಡೆದು ಬಿಸಿಲು ಒಳಗೆ ಬಿದ್ದಿತ್ತು. ಗೋಡೆಯ ನೆರಳಲ್ಲಿ ಅವರು ನಿಂತು ಮಾತಾಡುವುದು ಇಲ್ಲಿಗೆ ಕೇಳಿಸುತ್ತಿತ್ತು, ಮಾತು ಯಾವುದೆಂದು ತಿಳಿಯುತ್ತಿರಲಿಲ್ಲ.

ಪಟದಕ್ಕನಿಗೂ ಹೊರಗೆ ಹೋಗಬೇಕಿತ್ತು. ಅವರೆಲ್ಲ ತಿರುಗಿ ಬರಲಿ ಅಂತ ಕೂತಿದ್ದಳು. ಎಲ್ಲರೂ ಬಂದು ತಮ್ಮ ತಮ್ಮ ಮೇಜಿಗೆ ಸೇರಿಕೊಂಡ ಮೇಲೆ ಎದ್ದು, ಗೋಡೆಯ ಪಕ್ಕವೇ ನಡೆದು, ಒಬ್ಬಳೇ ಹೋಗಿ ಬಂದಳು.